ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬಹುದಾ? ಕಾರ್ಡ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ನಮ್ಮ ಚಿಕ್ಕಮ್ಮನ ಮಗ ಒಂದು ಭಾನುವಾರ ಡೆಸ್ಕ್‌ಟಾಪಿಗೆ ಹಾಕುವ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನ ಡಬ್ಬ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಇನ್ನೊಂದು ಕೈಯಲ್ಲಿ ಕಾಲೇಜಿನ ಲ್ಯಾಪ್‌ಟಾಪ್. "ಅಣ್ಣಾ, ಇದನ್ನ ಎಲ್ಲಿ ಸಿಕ್ಕಿಸೋದು ಅಂತ ಗೊತ್ತಾಗ್ತಿಲ್ಲ, ಸ್ವಲ್ಪ ನೋಡು" ಅಂದ. ಕಾರ್ಡ್ ತೆಗೆದು ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟೆ. ಕಾರ್ಡಿನ ದಪ್ಪವೇ ಲ್ಯಾಪ್‌ಟಾಪಿನ ಎರಡರಷ್ಟಿತ್ತು. ಏನೂ ಹೇಳುವ ಮೊದಲೇ ಅವನ ಮುಖ ಸಪ್ಪಗಾಯಿತು.

ಈ ಪ್ರಶ್ನೆ ಕೇಳುವವರಲ್ಲಿ ಬಹಳಷ್ಟು ಜನ ಎಡವುವುದು ಇಲ್ಲೇ. ಮೊದಲು ಕಾರ್ಡ್ ತರುತ್ತಾರೆ, ಆಮೇಲೆ ಲ್ಯಾಪ್‌ಟಾಪ್ ನೋಡುತ್ತಾರೆ. ಉತ್ತರ ಇರುವುದು ಕಾರ್ಡಿನಲ್ಲಲ್ಲ, ಲ್ಯಾಪ್‌ಟಾಪಿನ ಒಳಗಿನ ಮುಖ್ಯ ಬೋರ್ಡಿನಲ್ಲಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬದಲಾಯಿಸಲು ಆಗುವುದಿಲ್ಲ. ಕೆಲವೇ ಮಾಡೆಲ್‌ಗಳಲ್ಲಿ ಒಳಗೇ ಬದಲಾಯಿಸಬಹುದು. ಇನ್ನು ಕೆಲವಕ್ಕೆ ಹೊರಗಿನಿಂದ ಜೋಡಿಸಬಹುದು. ನಿಮ್ಮದು ಯಾವ ಗುಂಪು ಅಂತ ತಿಳಿಯಲು ಅರ್ಧ ಗಂಟೆ ಸಾಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಾನು ಹೇಳಿದ ಕಡೆ ಬಿಟ್ಟು ಮಧ್ಯೆ ಹಾರಬೇಡಿ.

ಬೇಕಾಗುವ ಸಾಮಾನು

ಮೊದಲ ಹಂತಕ್ಕೆ ಏನೂ ಬೇಡ. ಲ್ಯಾಪ್‌ಟಾಪ್ ಬಿಚ್ಚುವ ಹಂತ ಬಂದಾಗ ಇಷ್ಟು ಕೈಯಲ್ಲಿರಲಿ: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಮುಚ್ಚಳ ಬಿಡಿಸಲು ಗಿಟಾರ್ ಪಿಕ್ ಅಥವಾ ಹಳೇ ಎಟಿಎಂ ಕಾರ್ಡ್, ಚಿಪ್ಪಿನ ಬಿಸಿ ಸಾಗಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್, ಹಳೇ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಮೆತ್ತನೆಯ ಬ್ರಶ್.

ಸ್ಕ್ರೂ ಇಡಲು ನಾನು ಹಳೇ ಇಡ್ಲಿ ತಟ್ಟೆ ಬಳಸುತ್ತೇನೆ. ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ ಸ್ಕ್ರೂ. ಲ್ಯಾಪ್‌ಟಾಪಿನ ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತದೆ, ಕೆಲವೊಮ್ಮೆ ಬೋರ್ಡೇ ಹಾಳಾಗುತ್ತದೆ.

ಹಂತ 1: ಈಗ ಒಳಗೆ ಏನಿದೆ ಅಂತ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ, ಎಡಗಡೆಯ ಪಟ್ಟಿಯ ಕೆಳಗೆ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಎಷ್ಟಿವೆ ನೋಡಿ.

ಒಂದೇ ಇದ್ದು, ಹೆಸರು ಇಂಟೆಲ್ ಯುಎಚ್‌ಡಿ, ಐರಿಸ್ ಎಕ್ಸ್‌ಇ ಅಥವಾ ಬರೀ ರೇಡಿಯಾನ್ ಗ್ರಾಫಿಕ್ಸ್ ಅಂತಿದ್ದರೆ ನಿಮ್ಮ ಗ್ರಾಫಿಕ್ಸ್ ಪ್ರೊಸೆಸರ್ ಚಿಪ್ಪಿನ ಒಳಗೇ ಇದೆ. ಕಾರ್ಡ್ ಅನ್ನುವ ವಸ್ತುವೇ ಅಲ್ಲಿಲ್ಲ. ಇಲ್ಲದ್ದನ್ನು ಬದಲಾಯಿಸುವುದು ಹೇಗೆ? ನೀವು ಹಂತ 2 ಮುಗಿಸಿ ನೇರವಾಗಿ ಹಂತ 5ಕ್ಕೆ ಹೋಗಬಹುದು. ಎರಡು ಜಿಪಿಯು ಇದ್ದು, ಒಂದು ಜಿಫೋರ್ಸ್, ಕ್ವಾಡ್ರೋ ಅಥವಾ ರೇಡಿಯಾನ್ ಆರ್‌ಎಕ್ಸ್ ಆಗಿದ್ದರೆ ಪ್ರತ್ಯೇಕ ಚಿಪ್ ಇದೆ ಅಂತ ಅರ್ಥ. ಅದು ಬಿಚ್ಚಲು ಬರುತ್ತದೋ ಇಲ್ಲವೋ ಅನ್ನುವುದು ಇನ್ನೂ ಗೊತ್ತಾಗಿಲ್ಲ.

ಅಲ್ಲೇ ಮೆಮೊರಿ ಮೇಲೂ ಒಮ್ಮೆ ಒತ್ತಿ. ರ್‍ಯಾಮ್‌ನ ಎಷ್ಟು ಸ್ಲಾಟ್ ತುಂಬಿವೆ ಅಂತ ಬರೆದಿರುತ್ತದೆ. ಎರಡರಲ್ಲಿ ಒಂದು ಅಂತಿದ್ದರೆ ಬರೆದಿಟ್ಟುಕೊಳ್ಳಿ, ಈಗಲೇ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಒಂದು ಸಾಮಾನ್ಯ ತಪ್ಪು. ಡೆಡಿಕೇಟೆಡ್ ಮೆಮೊರಿ (ಗ್ರಾಫಿಕ್ಸಿಗೇ ಮೀಸಲಾದದ್ದು) 128 ಎಂಬಿ ಅಂತ ನೋಡಿದ ಕೂಡಲೇ ಜನ ವಿಂಡೋಸಿನ ಒಳಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಸಂಖ್ಯೆ ಬದಲಾಯಿಸಿ ಅದನ್ನು 512 ಮಾಡುತ್ತಾರೆ. ಅದರಿಂದ ಆಟಕ್ಕೆ ಸುಳ್ಳು ಲೆಕ್ಕ ತೋರಿಸಿದಂತಾಗುತ್ತದೆ, ಅಷ್ಟೇ. "ಮೆಮೊರಿ ಸಾಲದು" ಅಂತ ತೆರೆಯದೇ ನಿಂತಿದ್ದ ಆಟ ತೆರೆದುಕೊಳ್ಳಬಹುದು, ಆದರೆ ವೇಗ ಒಂದಿಷ್ಟೂ ಏರುವುದಿಲ್ಲ.

ಹಂತ 2: ಕಾಸು ಕಡಿಮೆ ಖರ್ಚಾಗುವ ಕೆಲಸ ಮೊದಲು

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. "ಗ್ರಾಫಿಕ್ಸ್ ಸಾಲ್ತಿಲ್ಲ" ಅಂತ ಬಂದವರಲ್ಲಿ ಕೆಲವರ ಕೆಲಸ ಇಲ್ಲೇ ಮುಗಿದಿದೆ.

ಎರಡು ಜಿಪಿಯು ಇದ್ದರೆ ಆಟ ಯಾವುದರ ಮೇಲೆ ಓಡುತ್ತಿದೆ ಅಂತ ಮೊದಲು ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಆ ಆಟವನ್ನೋ ಸಾಫ್ಟ್‌ವೇರನ್ನೋ ಆರಿಸಿ ಹೈ ಪರ್ಫಾರ್ಮೆನ್ಸ್ ಮಾಡಿ. ಚಾರ್ಜರ್ ಹಾಕಿಯೇ ಪರೀಕ್ಷಿಸಿ. ಬ್ಯಾಟರಿಯಲ್ಲಿ ಓಡುವಾಗ ಗ್ರಾಫಿಕ್ಸ್ ಚಿಪ್‌ಗೆ ಸಿಗುವ ವ್ಯಾಟ್ ತೀರಾ ಕಡಿಮೆ.

ಆಮೇಲೆ ಧೂಳು. ಎರಡು ಮೂರು ವರ್ಷ ಹಾಸಿಗೆ ಮೇಲೆ ಇಟ್ಟು ಬಳಸಿದ ಲ್ಯಾಪ್‌ಟಾಪಿನ ಫ್ಯಾನ್ ಬಿಚ್ಚಿ ನೋಡಿ. ಫ್ಯಾನಿಗೂ ತಾಮ್ರದ ಜಾಲರಿಗೂ ಮಧ್ಯೆ ಧೂಳು ಹಳೇ ಕಂಬಳಿಯ ತುಂಡಿನಂತೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಬರುವುದಿಲ್ಲ, ಫ್ಯಾನ್ ಬಿಚ್ಚಿ ಕೈಯಲ್ಲೇ ತೆಗೆಯಬೇಕು. ಶುರುವಿನ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡವರಿಸುವ ಆಟಕ್ಕೆ ಬಹಳ ಸಲ ಕಾರಣ ಬಿಸಿ, ಕಾರ್ಡ್ ಅಲ್ಲ.

ಇನ್ನು ರ್‍ಯಾಮ್. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಲ್ಯಾಪ್‌ಟಾಪಿನ ರ್‍ಯಾಮನ್ನೇ ಬಳಸುತ್ತದೆ. ಒಂದೇ ಸ್ಟಿಕ್ ಇದ್ದರೆ ಡೇಟಾ ಓಡಾಡುವ ದಾರಿ ಒಂದೇ. ಎರಡನೇ ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ದಾರಿ ದುಪ್ಪಟ್ಟಾಗುತ್ತದೆ. ಇಂಟೆಲ್‌ನ 11ನೇ ಪೀಳಿಗೆಯಿಂದ ಕೆಲವು ಪ್ರೊಸೆಸರ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದು ಸ್ಟಿಕ್ ಇದ್ದಾಗ ಗ್ರಾಫಿಕ್ಸ್ ಹೆಸರು ಯುಎಚ್‌ಡಿ ಅಂತ ತೋರಿಸುತ್ತದೆ. ಇನ್ನೊಂದು ಹಾಕಿ ಆನ್ ಮಾಡಿದರೆ ಅದೇ ಚಿಪ್ ಐರಿಸ್ ಎಕ್ಸ್‌ಇ ಆಗಿರುತ್ತದೆ! ಚಿಕ್ಕಮ್ಮನ ಮಗನ ಲ್ಯಾಪ್‌ಟಾಪಿನಲ್ಲಿ ಆದದ್ದೂ ಇದೇ. 8 ಜಿಬಿಯ ಒಂದು ಸ್ಟಿಕ್ ಹಾಕಿದೆವು, ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರು ಬದಲಾದದ್ದನ್ನು ನೋಡಿ "ಕಾರ್ಡ್ ಹಾಕದೇ ಕಾರ್ಡ್ ಬಂತಲ್ಲಾ" ಅಂದ.

ಕೊಳ್ಳುವಾಗ ಈಗಿರುವ ಸ್ಟಿಕ್ ಯಾವ ಬಗೆಯದು ನೋಡಿ: ಡಿಡಿಆರ್4ಗೆ ಡಿಡಿಆರ್4, ಡಿಡಿಆರ್5ಗೆ ಡಿಡಿಆರ್5. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಲವು ತೆಳ್ಳಗಿನ ಮಾಡೆಲ್‌ಗಳಲ್ಲಿ ರ್‍ಯಾಮೂ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಆಗ ಈ ದಾರಿಯೂ ಮುಚ್ಚಿದಂತೆ.

ಹಂತ 3: ಬೆಸುಗೆಯೋ, ಸ್ಲಾಟೋ?

ಪ್ರತ್ಯೇಕ ಚಿಪ್ ಇದ್ದವರಿಗೆ ಮಾತ್ರ ಈ ಹಂತ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮ ಸಪೋರ್ಟ್ ಪುಟಗಳಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ಬ್ಯಾಟರಿ, ಫ್ಯಾನ್, ರ್‍ಯಾಮ್ ತೆಗೆಯುವುದಕ್ಕೆ ಬೇರೆ ಬೇರೆ ಅಧ್ಯಾಯ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ತೆಗೆಯುವುದಕ್ಕೂ ಒಂದು ಅಧ್ಯಾಯ ಇದ್ದರೆ ಸ್ಲಾಟ್ ಇದೆ. ಇಲ್ಲದಿದ್ದರೆ ಚಿಪ್ ಬೋರ್ಡಿಗೆ ಬೆಸುಗೆಯಾಗಿದೆ, ನೇರವಾಗಿ ಹಂತ 5ಕ್ಕೆ ಹೋಗಿ.

ಮ್ಯಾನ್ಯುಯಲ್ ಸಿಗದಿದ್ದರೆ ಬಿಚ್ಚಿಯೇ ನೋಡಬೇಕು. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಹಿಂದಿನ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಮೇಲೆ ಮುಂದಿನ ಕೆಲಸ. ಫ್ಯಾನಿನಿಂದ ಹೊರಡುವ ತಾಮ್ರದ ಕೊಳವೆ ಹಿಡಿದು ಹೋದರೆ ಎರಡು ಚಿಪ್‌ಗಳಿಗೆ ತಲುಪುತ್ತೀರಿ. ಗ್ರಾಫಿಕ್ಸ್ ಚಿಪ್ ಕೂತಿರುವ ಹಸಿರು ಅಥವಾ ಕಪ್ಪು ಪಟ್ಟಿ ಬೇರೆಯಾಗಿದ್ದು, ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿದ್ದು, ಎರಡು ಸ್ಕ್ರೂ ಮೇಲೆ ನಿಂತಿದ್ದರೆ ಅದು ಮಾಡ್ಯೂಲ್, ಅಂದರೆ ಬಿಚ್ಚಿ ತೆಗೆಯಬಹುದಾದ ಕಾರ್ಡ್. ಚಿಪ್ ದೊಡ್ಡ ಬೋರ್ಡಿನ ಮೇಲೆಯೇ ಕೂತಿದ್ದು ಸುತ್ತ ಮೆಮೊರಿ ಚಿಪ್‌ಗಳಿದ್ದರೆ ಬೆಸುಗೆ. ಮಾರುಕಟ್ಟೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳೂ ಹೆಚ್ಚುಕಡಿಮೆ ಎಲ್ಲ ಹೀಗೇ.

ಇಲ್ಲಿ ಒಂದು ಎಚ್ಚರಿಕೆ. "ಚಿಪ್ ಲೆವೆಲ್ ಸರ್ವಿಸ್" ಅಂತ ನಾಮಫಲಕ ಹಾಕಿದ ಕೆಲವು ರಿಪೇರಿ ಅಂಗಡಿಗಳಲ್ಲಿ ಬೆಸುಗೆ ಚಿಪ್ಪನ್ನೂ ದೊಡ್ಡದಕ್ಕೆ ಬದಲಾಯಿಸಿ ಕೊಡುತ್ತೇವೆ ಅನ್ನುತ್ತಾರೆ. ಕೆಟ್ಟ ಚಿಪ್ ತೆಗೆದು ಅದೇ ಚಿಪ್ ಕೂರಿಸುವುದು ರಿಪೇರಿ, ಅದು ಆಗುವ ಕೆಲಸ. ಮೇಲಿನ ದರ್ಜೆಯ ಚಿಪ್ ಕೂರಿಸುವುದು ಬೇರೆ ಮಾತು. ಚಿಪ್ಪಿನ ಕೆಳಗಿನ ಬೆಸುಗೆ ಬಿಂದುಗಳ ಜೋಡಣೆ ಹೊಂದಬೇಕು, ವಿದ್ಯುತ್ ಕೊಡುವ ಭಾಗ ತಡೆಯಬೇಕು, ಮೆಮೊರಿ ಸರಿಹೋಗಬೇಕು, ಬಯೋಸ್ (ಆನ್ ಮಾಡಿದಾಗ ವಿಂಡೋಸಿಗೂ ಮೊದಲು ಓಡುವ ಒಳ ಸಾಫ್ಟ್‌ವೇರ್) ಒಪ್ಪಬೇಕು. ನನ್ನ ಗೆಳೆಯನೊಬ್ಬ ಒಂದು ಅಂಗಡಿಯ ಮಾತು ನಂಬಿ ಕೊಟ್ಟ. ವಾಪಸ್ ಬಂದದ್ದು ಹಳೇ ಚಿಪ್ಪೇ, ಬಿಸಿ ಮಾಡಿ ಮತ್ತೆ ಕೂರಿಸಿದ್ದು. ಎರಡು ತಿಂಗಳಿಗೆ ಪರದೆ ತುಂಬಾ ಬಣ್ಣದ ಚೌಕ ಬರತೊಡಗಿತು. ಚಿಪ್ ಮೇಲಿನ ನಂಬರಿನ ಫೋಟೋ ಮೊದಲೇ ತೆಗೆದಿಟ್ಟುಕೊಂಡಿದ್ದರಿಂದ ಮೋಸ ಗೊತ್ತಾಯಿತು, ದುಡ್ಡು ಮಾತ್ರ ಬರಲಿಲ್ಲ.

ಹಂತ 4: ಸ್ಲಾಟ್ ಇದ್ದರೆ ಮಾಡ್ಯೂಲ್ ಬದಲಾಯಿಸುವುದು

ಈ ಮಾಡ್ಯೂಲ್‌ಗಳಲ್ಲಿ ಹೆಚ್ಚು ಸಿಗುವುದು ಎಂಎಕ್ಸ್‌ಎಂ ಎಂಬ ಅಳತೆಯವು. ಡೆಲ್ ಪ್ರಿಸಿಷನ್ ಎಂ4800, ಎಂ6800, ಎಚ್‌ಪಿ ಜೆಡ್‌ಬುಕ್ 17ರ ಹಳೇ ಮಾಡೆಲ್‌ಗಳು, 2013ರ ಏಲಿಯನ್‌ವೇರ್ 17, ಕ್ಲೀವೊದ ದಪ್ಪ ಲ್ಯಾಪ್‌ಟಾಪ್‌ಗಳು ಇಂಥವು. ಕಂಪನಿಗಳು ಮಾರಿಬಿಟ್ಟ ಹಳೇ ವರ್ಕ್‌ಸ್ಟೇಷನ್‌ಗಳಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇವು ಕಾಣಸಿಗುತ್ತವೆ.

ಮೊದಲು ಅಳತೆ. ಟೈಪ್ ಎ ಮಾಡ್ಯೂಲ್ 82 ಮಿಮೀ ಗುಣಿಸು 70 ಮಿಮೀ. ಟೈಪ್ ಬಿ 82 ಗುಣಿಸು 105. ಜಿಟಿಎಕ್ಸ್ 10 ಸೀರೀಸ್‌ನ ಕೆಲವು ಮಾಡ್ಯೂಲ್‌ಗಳು ಇವೆರಡಕ್ಕಿಂತ ದೊಡ್ಡವು, ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಕೂರುವುದಿಲ್ಲ. ಸ್ಕೇಲ್ ಇಟ್ಟು ಅಳೆದೇ ಕೊಳ್ಳಿ.

ಆಮೇಲೆ ವ್ಯಾಟ್. ಹಳೇ ಕಾರ್ಡ್ 55 ವ್ಯಾಟಿನದಾಗಿದ್ದು ಹೊಸದು 100 ವ್ಯಾಟ್ ಕೇಳಿದರೆ ಚಾರ್ಜರೂ ಚಿಪ್ಪಿನ ಬಿಸಿ ಹೀರುವ ಹೀಟ್‌ಸಿಂಕೂ ತಡೆಯಬೇಕು. ಇದನ್ನು ನೋಡದೇ ಹಾಕಿದವರ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ತೋರಿಸುವ ತನಕ ಚೆನ್ನಾಗಿರುತ್ತದೆ, ಆಟ ತೆರೆದ ಕೂಡಲೇ ಪಟ್ ಅಂತ ಆಫ್ ಆಗುತ್ತದೆ.

ಮೂರನೆಯದು ಬಯೋಸ್. ಅದೇ ಕಂಪನಿ ಅದೇ ಮಾಡೆಲ್ ಸಾಲಿನಲ್ಲಿ ಕೊಟ್ಟಿದ್ದ ಕಾರ್ಡ್ ಆದರೆ ತಲೆನೋವು ಕಡಿಮೆ. ಬೇರೆ ಕಂಪನಿಯ ಲ್ಯಾಪ್‌ಟಾಪಿನಿಂದ ಕಿತ್ತ ಕಾರ್ಡ್ ಆನ್ ಆಗದೇ ಹೋಗಬಹುದು, ಅಥವಾ ಫ್ಯಾನ್ ಸರಿಯಾಗಿ ತಿರುಗದೇ ಹೋಗಬಹುದು. ಡ್ರೈವರ್, ಅಂದರೆ ವಿಂಡೋಸ್ ಕಾರ್ಡನ್ನು ಬಳಸಲು ಬೇಕಾದ ಸಾಫ್ಟ್‌ವೇರ್, ಕೂಡ ನೋಡಿ. ಎನ್‌ವಿಡಿಯಾ ಕೆಪ್ಲರ್ ಪೀಳಿಗೆಯ ಲ್ಯಾಪ್‌ಟಾಪ್ ಜಿಫೋರ್ಸ್‌ಗಳಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2019ರಲ್ಲೇ ನಿಲ್ಲಿಸಿತು. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಪೀಳಿಗೆಗೆ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಎಂಎಕ್ಸ್‌ಎಂ ಕಾರ್ಡ್‌ಗಳು ಈ ಮೂರರಲ್ಲೇ ಬರುತ್ತವೆ. ಹೊಸ ಆಟಕ್ಕೋಸ್ಕರ ಇವುಗಳ ಮೇಲೆ ದುಡ್ಡು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟಾದ ಮೇಲೂ ಮಾಡುವುದಾದರೆ, ಕ್ರಮ ಹೀಗಿದೆ:

1. ಹಳೇ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ. ಬಯೋಸ್ ಅಪ್‌ಡೇಟ್ ಇದ್ದರೆ ಹಳೇ ಕಾರ್ಡ್ ಇರುವಾಗಲೇ ಮಾಡಿ ಮುಗಿಸಿ.

2. ಬ್ಯಾಟರಿ ಬಿಡಿಸಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕೆಲಸ ಶುರು ಮಾಡುವ ಮೊದಲು ಬಣ್ಣ ಬಳಿಯದ ಯಾವುದಾದರೂ ಲೋಹ ಮುಟ್ಟಿ. ಸಿಂಥೆಟಿಕ್ ಬೆಡ್‌ಶೀಟ್ ಮೇಲೆ ಕೂತು ಮಾಡಬೇಡಿ.

3. ಹೀಟ್‌ಸಿಂಕಿನ ಸ್ಕ್ರೂ ಪಕ್ಕದಲ್ಲಿ 1, 2, 3, 4 ಅಂತ ಕೊರೆದಿರುತ್ತದೆ. ಬಿಚ್ಚುವಾಗ 4ರಿಂದ, ಹಾಕುವಾಗ 1ರಿಂದ. ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡುತ್ತಾ ಬನ್ನಿ. ಇಲ್ಲಿ ಆತುರಪಟ್ಟರೆ ಚಿಪ್ಪಿನ ಮೂಲೆ ಚೂರಾಗುತ್ತದೆ.

4. ಕಾರ್ಡನ್ನು ಓರೆಯಾಗಿ ಸ್ಲಾಟಿಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಚಿನ್ನದ ಹಲ್ಲುಗಳು ಹೊರಗೆ ಕಾಣುತ್ತಿದ್ದರೆ ಕೂತಿಲ್ಲ ಅಂತಲೇ ಅರ್ಥ.

5. ಹಳೇ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಚ್ಚಿ. ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್ ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪದ್ದು ಹಾಕಿ. 1 ಮಿಮೀ ಇದ್ದ ಕಡೆ ಒಂದೂವರೆ ಹಾಕಿದರೆ ಹೀಟ್‌ಸಿಂಕ್ ಎತ್ತಿಕೊಳ್ಳುತ್ತದೆ, ಮುಖ್ಯ ಚಿಪ್‌ಗೆ ಮುಟ್ಟುವುದೇ ಇಲ್ಲ.

ಆನ್ ಮಾಡಿದ ಒಂದೆರಡು ನಿಮಿಷದಲ್ಲೇ ಬಿಸಿ 90 ಡಿಗ್ರಿ ದಾಟಿದರೆ ತಕ್ಷಣ ಆಫ್ ಮಾಡಿ. ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯ ನಿಜವಾಗಿ ಉಳಿಸಿಕೊಂಡಿರುವುದು ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16. 2024ರಲ್ಲಿ ಗ್ರಾಹಕರ ಕೈಸೇರಿದಾಗ ರೇಡಿಯಾನ್ ಆರ್‌ಎಕ್ಸ್ 7700ಎಸ್ ಮಾಡ್ಯೂಲ್ ಇತ್ತು. 2025ರಲ್ಲಿ ಅದೇ ಲ್ಯಾಪ್‌ಟಾಪಿಗೆ ಆರ್‌ಟಿಎಕ್ಸ್ 5070 ಮಾಡ್ಯೂಲ್ ಬಂತು. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಕೈಗೆಟಕುವ ದಾರಿ. ಆದರೆ "ಮುಂದೆ ಅಪ್‌ಗ್ರೇಡ್ ಮಾಡಬಹುದು" ಅನ್ನುವ ಮಾತೊಂದನ್ನೇ ನಂಬಿ ಯಾವುದನ್ನೂ ಕೊಳ್ಳಬೇಡಿ. 2019ರ ಏಲಿಯನ್‌ವೇರ್ ಏರಿಯಾ-51ಎಂ ಕೂಡ ಹಾಗೇ ಬಂದಿತ್ತು. ಮುಂದಿನ ಪೀಳಿಗೆಯ ಕಾರ್ಡ್ ಅದಕ್ಕೆ ಬರಲೇ ಇಲ್ಲ.

ಹಂತ 5: ಹೊರಗಿನಿಂದ ಜೋಡಿಸುವುದು

ಇದಕ್ಕೆ ಇಜಿಪಿಯು ಅನ್ನುತ್ತಾರೆ. ಡೆಸ್ಕ್‌ಟಾಪ್ ಕಾರ್ಡ್ ಮೇಜಿನ ಮೇಲೆ ಒಂದು ಡಬ್ಬದಲ್ಲಿ ಕೂರುತ್ತದೆ, ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಸೇರುತ್ತದೆ. ದಾರಿ ಎರಡು.

ಸುಲಭದ್ದು ಥಂಡರ್‌ಬೋಲ್ಟ್ ಅನ್ನುವ ವೇಗದ ಪೋರ್ಟ್. ನಿಮ್ಮ ಟೈಪ್-ಸಿ ಪೋರ್ಟ್ ಪಕ್ಕ ಮಿಂಚಿನ ಗುರುತು ಇದೆಯಾ ನೋಡಿ. ಗುರುತು ಒಂದೇ ಸಾಲದು, ಚಾರ್ಜಿಂಗ್ ಪೋರ್ಟಿಗೂ ಕೆಲವರು ಅಂಥದ್ದೇ ಮಿಂಚು ಹಾಕುತ್ತಾರೆ. ಮಾಡೆಲ್‌ನ ವಿವರಪಟ್ಟಿಯಲ್ಲಿ ಥಂಡರ್‌ಬೋಲ್ಟ್ 3, 4 ಅಥವಾ 5 ಅಂತ ಸ್ಪಷ್ಟವಾಗಿ ಬರೆದಿರಬೇಕು. ಯುಎಸ್‌ಬಿ4 ಅಂತ ಮಾತ್ರ ಇದ್ದರೆ ಪಿಸಿಐಇ ಟನೆಲಿಂಗ್ (ಕಾರ್ಡಿನ ಡೇಟಾ ಆ ಪೋರ್ಟಿನಲ್ಲಿ ಹಾಯುವ ಸೌಲಭ್ಯ) ಇದೆಯಾ ಅಂತ ವಿಚಾರಿಸಿ, ಅದು ಎಲ್ಲದರಲ್ಲೂ ಇರಲೇಬೇಕೆಂದೇನಿಲ್ಲ. ಬರೀ ಟೈಪ್-ಸಿ ಆದರೆ ಈ ದಾರಿ ಇಲ್ಲಿಗೇ ನಿಲ್ಲಿಸಿ. ಎಂ1 ಮತ್ತು ಆಮೇಲಿನ ಚಿಪ್‌ನ ಮ್ಯಾಕ್‌ಬುಕ್‌ಗಳಲ್ಲಿ ಥಂಡರ್‌ಬೋಲ್ಟ್ ಇದ್ದರೂ ಆಪಲ್ ಇದಕ್ಕೆ ಬೆಂಬಲ ಕೊಟ್ಟಿಲ್ಲ.

ಆನ್‌ಲೈನಿನಲ್ಲಿ "ಯುಎಸ್‌ಬಿ ಎಕ್ಸ್‌ಟರ್ನಲ್ ಗ್ರಾಫಿಕ್ಸ್ ಕಾರ್ಡ್" ಅಂತ ಅಗ್ಗಕ್ಕೆ ಸಿಗುವ ಪುಟ್ಟ ಡಬ್ಬ ನೋಡಿ ಮೋಸ ಹೋಗಬೇಡಿ. ಅದು ಇನ್ನೊಂದು ಮಾನಿಟರ್ ಸೇರಿಸಲು ಇರುವ ಅಡಾಪ್ಟರ್. ಆಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಎರಡನೇ ದಾರಿ ಕಡಿಮೆ ಖರ್ಚಿನದು, ಜಾಸ್ತಿ ರಗಳೆಯದು. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟಿಗೆ ಅಡಾಪ್ಟರ್ ಹಾಕಿ ಕೇಬಲ್ ಹೊರಗೆ ತರುವುದು. ಸ್ಲಾಟ್ ವೇಗದ ಎನ್‌ವಿಎಂಇ ಬಗೆಯದಾಗಿರಬೇಕು, ಬರೀ ಹಳೇ ಸಾಟಾ ಬಗೆ ಆದರೆ ಆಗದು. ಇರುವ ಒಂದೇ ಸ್ಲಾಟಿನಲ್ಲಿ ವಿಂಡೋಸ್ ಕೂತಿದ್ದರೆ ಈ ದಾರಿ ಬಿಟ್ಟುಬಿಡಿ. ಕೇಬಲ್ ಹೊರಬರಲು ಹಿಂದಿನ ಮುಚ್ಚಳ ತೆರೆದೇ ಇರಬೇಕಾಗುತ್ತದೆ, ಹಾಗಾಗಿ ಮೇಜಿನಿಂದ ಕದಲದ ಲ್ಯಾಪ್‌ಟಾಪಿಗೆ ಮಾತ್ರ ಇದು ಸರಿ.

ಸಾಮಾನು: ಕಾರ್ಡ್, ಅಡಾಪ್ಟರ್ ಅಥವಾ ಎನ್‌ಕ್ಲೋಷರ್ (ಕಾರ್ಡ್ ಕೂರುವ ಡಬ್ಬ), ಕಾರ್ಡಿಗೆ ವಿದ್ಯುತ್ ಕೊಡಲು ಒಳ್ಳೆ ಎಸ್‌ಎಂಪಿಎಸ್, ಒಂದು ಮಾನಿಟರ್. ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹೆಸರಿಲ್ಲದ ಎಸ್‌ಎಂಪಿಎಸ್ ಅಗ್ಗಕ್ಕೆ ಸಿಗುತ್ತದೆ. ಡಬ್ಬದ ಮೇಲಿನ 450 ವ್ಯಾಟ್ ಬರೀ ಬರಹ ಆಗಿರಬಹುದು. ಮಾನಿಟರನ್ನು ನೇರವಾಗಿ ಕಾರ್ಡಿಗೇ ಜೋಡಿಸಬೇಕು. ಲ್ಯಾಪ್‌ಟಾಪಿನ ಪರದೆಯಲ್ಲೇ ನೋಡುತ್ತೇನೆ ಅಂದರೆ ಚಿತ್ರ ಅದೇ ಕೇಬಲಿನಲ್ಲಿ ವಾಪಸ್ ಬರಬೇಕು, ವೇಗ ಇನ್ನೂ ಕುಗ್ಗುತ್ತದೆ. ಡೆಸ್ಕ್‌ಟಾಪಿನ ದೊಡ್ಡ ಸ್ಲಾಟಿನಲ್ಲಿ ಡೇಟಾ ಓಡಾಡಲು 16 ಲೇನ್, ಇಲ್ಲಿ ಹೆಚ್ಚೆಂದರೆ 4. ಆದ್ದರಿಂದ ತುಂಬಾ ದುಬಾರಿ ಕಾರ್ಡ್ ಹಾಕುವುದು ದಂಡ. ಆರ್‌ಟಿಎಕ್ಸ್ 4060 ದರ್ಜೆಗೆ ನಿಲ್ಲಿಸಿದರೆ ಸಾಕು ಅಂತ ನನ್ನ ಅಂದಾಜು.

1. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಮೊದಲು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ.

2. ಎಲ್ಲವೂ ಆಫ್ ಇರುವಾಗ ಜೋಡಿಸಿ. ಕಾರ್ಡಿಗೆ ಪ್ರತ್ಯೇಕ ಪವರ್ ಕೇಬಲ್ ಬೇಕಿದ್ದರೆ ಮರೆಯಬೇಡಿ.

3. ಎಂ.2 ಅಡಾಪ್ಟರ್ ಆದರೆ ಮೊದಲು ಎಸ್‌ಎಂಪಿಎಸ್ ಆನ್, ಆಮೇಲೆ ಲ್ಯಾಪ್‌ಟಾಪ್. ಆನ್ ಇರುವಾಗ ಆ ಕೇಬಲ್ ಎಳೆಯಲೇಬಾರದು, ಎಳೆದರೆ ಬೋರ್ಡ್ ಸುಡಬಹುದು. ಥಂಡರ್‌ಬೋಲ್ಟಿಗೆ ಈ ಕಟ್ಟುನಿಟ್ಟು ಇಲ್ಲ, ಆದರೂ ಸಾಫ್ಟ್‌ವೇರಿನಲ್ಲಿ ಬಿಡಿಸಿಯೇ ಕೇಬಲ್ ತೆಗೆಯಿರಿ.

4. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹೊಸ ಕಾರ್ಡ್ ಕಾಣಿಸಿದ ಮೇಲೆ ಡ್ರೈವರ್ ಹಾಕಿ.

ಹಂತ 6: ಕೆಲಸ ಮಾಡದಿದ್ದರೆ

ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಮೇಲೆ ಕೋಡ್ 12 ಅನ್ನುವ ದೋಷ ಬಂದರೆ ಕಾರ್ಡಿಗೆ ಬೇಕಾದಷ್ಟು ಜಾಗ ವ್ಯವಸ್ಥೆಯಲ್ಲಿ ಸಿಕ್ಕಿಲ್ಲ. ಬಯೋಸಿನಲ್ಲಿ ಅಬೋವ್ 4ಜಿ ಡಿಕೋಡಿಂಗ್ ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಒಳಗಿನ ಪ್ರತ್ಯೇಕ ಜಿಪಿಯುವನ್ನು ಡಿವೈಸ್ ಮ್ಯಾನೇಜರಿನಲ್ಲಿ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿ. ಕೋಡ್ 43 ಬಂದರೆ ಹೆಚ್ಚಾಗಿ ಡ್ರೈವರಿನ ಗಲಾಟೆ. ಸೇಫ್ ಮೋಡಿನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಅನ್ನುವ ಸಾಫ್ಟ್‌ವೇರ್ ಬಳಸಿ ಹಳೆಯದನ್ನೆಲ್ಲ ತೆಗೆದು ಹೊಸದಾಗಿ ಹಾಕಿ.

ಕಾರ್ಡ್ ಓಡುತ್ತಿದೆ ಆದರೆ ವೇಗ ಇಲ್ಲ ಅಂದರೆ ಜಿಪಿಯು-ಜೆಡ್ ಅನ್ನುವ ಸಾಫ್ಟ್‌ವೇರ್ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ನೆ ಇರುವಾಗ ಅದು ಕಡಿಮೆ ತೋರಿಸುತ್ತದೆ, ಗಾಬರಿ ಬೇಡ. ಪಕ್ಕದ ಪ್ರಶ್ನೆ ಗುರುತು ಒತ್ತಿ ಪರೀಕ್ಷೆ ಓಡಿಸಿ, ಆಗಲೂ 4ರ ಬದಲು 1 ಲೇನ್ ತೋರಿಸಿದರೆ ಕೇಬಲ್ ಅಥವಾ ಅಡಾಪ್ಟರ್ ಸರಿಯಾಗಿ ಕೂತಿಲ್ಲ. ಕಾರ್ಡಿನ ಫ್ಯಾನ್ ನಿಂತಿದೆ ಅಂತಲೂ ಹೆದರಬೇಡಿ, ತಣ್ಣಗಿರುವಾಗ ಹಲವು ಕಾರ್ಡ್‌ಗಳ ಫ್ಯಾನ್ ನಿಂತೇ ಇರುತ್ತದೆ. ಹೆದರಬೇಕಾದದ್ದು ಸುಟ್ಟ ವಾಸನೆಗೆ, ಕೈಗೆ ಬಿಸಿ ಹತ್ತುವ ಪವರ್ ಕೇಬಲಿಗೆ. ಎರಡರಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ.

ಹಂತ 7: ಕಾರ್ಡ್ ಈಗಾಗಲೇ ಮನೆಗೆ ಬಂದಿದ್ದರೆ

ಸೀಲ್ ಒಡೆಯಬೇಡಿ. ವಾಪಸ್ ಮಾಡುವ ದಿನ ಮುಗಿದಿಲ್ಲದಿದ್ದರೆ ಇವತ್ತೇ ವಾಪಸ್ ಹಾಕಿ. ಮುಗಿದಿದ್ದರೆ ಇಜಿಪಿಯು ಖರ್ಚನ್ನೆಲ್ಲ ಒಂದು ಚೀಟಿಯಲ್ಲಿ ಕೂಡಿಸಿ, ಪಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಬೆಲೆ ಬರೆಯಿರಿ. ಎನ್‌ಕ್ಲೋಷರ್ ಕೊಳ್ಳುವ ದುಡ್ಡಿಗೆ ಹಳೇ ಆಫೀಸ್ ಡೆಸ್ಕ್‌ಟಾಪೇ ಬಂದುಬಿಡಬಹುದು. ಜಿಟಿಎಕ್ಸ್ 1650 ಮೂಲತಃ 75 ವ್ಯಾಟಿನ ಕಾರ್ಡ್. ಮೇಲೆ ಪವರ್ ಕೇಬಲಿನ ಕಿಂಡಿ ಇಲ್ಲದ ಮಾಡೆಲ್ ಆದರೆ ಅಂಥ ಡೆಸ್ಕ್‌ಟಾಪಿನ ಸ್ಲಾಟಿನಿಂದಲೇ ವಿದ್ಯುತ್ ತೆಗೆದುಕೊಂಡು ಓಡುತ್ತದೆ. ಕೊಳ್ಳುವಾಗ ಕ್ಯಾಬಿನೆಟ್ ಅಗಲ ನೋಡಿ. ತೆಳ್ಳಗಿನ ಕ್ಯಾಬಿನೆಟ್ಟಿಗೆ ಗಿಡ್ಡ ಕಾರ್ಡೇ ಬೇಕು, ಮಾಮೂಲಿ ಎತ್ತರದ್ದು ಹಿಡಿಸದು.

ಚಿಕ್ಕಮ್ಮನ ಮಗನಿಗೆ ಅದೃಷ್ಟ ಇತ್ತು, ವಾಪಸ್ ಮಾಡಲು ಇನ್ನೂ ಎರಡು ದಿನ ಬಾಕಿ ಇತ್ತು. ಬಂದ ದುಡ್ಡಿನಲ್ಲಿ ರ್‍ಯಾಮ್ ಕೊಂಡು ಮಿಕ್ಕಿದ್ದನ್ನು ಅಮ್ಮನಿಗೆ ಕೊಟ್ಟೆ ಅಂತ ಹೇಳಿದ. ಹೊಸ ಹೆಡ್‌ಫೋನ್ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ.